ವಿಭೂತಿಗೆ ಜಾಗವಿಲ್ಲದ ಹಣೆ

ಆ ಸೋಮವಾರ ಬೆಳಿಗ್ಗೆ ಎಂಟಕ್ಕೇ ಮಸ್ಕಿಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಗಾಳಿ ಮಲ್ಲಯ್ಯನ ಗುಡ್ಡದ ಕಡೆಯಿಂದ ಧೂಳು ಹೊತ್ತು ತಂದು ಅಮರಗುಂಡಪ್ಪನ ಅಂಗಳಕ್ಕೆ ಸುರಿಯುತ್ತಿತ್ತು. ಆ ಧೂಳಿನೊಳಗಿಂದ ಸೈಕಲ್ಲೊಂದು ಬಂತು. ಸೈಕಲ್ಲಿನ ಮೇಲೆ ಒಂದು ಕನ್ನಡಕ ಕೂತಿತ್ತು. ಕನ್ನಡಕದ ಹಿಂದೆ ಗಂಡು ಇದ್ದ.

ಹೆಸರು ಗಂಗಾಧರ. ಲಿಂಗಸುಗೂರಿನ ಸರ್ವೆ ಕಚೇರಿಯಲ್ಲಿ ನೌಕರಿ. ಬೆಳಿಗ್ಗೆ ಸೈಕಲ್ ತುಳಿಯುವುದು, ರಜೆ ಸಿಕ್ಕರೆ ಗುಡ್ಡ ಹತ್ತಿ ಓಡುವುದು ಅವನ ಹುಚ್ಚು. ಅಮರಗುಂಡಪ್ಪನ ಮಗಳು ಭುವನೇಶ್ವರಿಯನ್ನು ನೋಡಲು ಬಂದಿದ್ದ. ತಂದೆತಾಯಿ ಬಸ್ಸಿನಲ್ಲಿ ಹಿಂದಿನಿಂದ ಬರುವವರಿದ್ದರು.

ಕನ್ನಡಕ ಮಾತ್ರ ಆ ಓಣಿಯಲ್ಲಿ ಯಾರೂ ಕಂಡಿರದಂಥದ್ದು. ಹಣೆಯಿಂದ ಕೆನ್ನೆಯವರೆಗೆ ಒಂದೇ ಗಾಜು. ಕಿತ್ತಳೆ ಬಣ್ಣದ ಚೌಕಟ್ಟು, ಕಿವಿಯ ಹತ್ತಿರ ಗಿಳಿಹಸಿರಿನ ಒಂದು ಮಿಂಚಿನ ಗುರುತು. ಎದುರು ನಿಂತವರಿಗೆ ತಮ್ಮ ಮುಖ, ಹಿಂದಿನ ಬೇವಿನ ಮರ, ಕಟ್ಟಿದ ಎಮ್ಮೆ ಎಲ್ಲ ಅದರಲ್ಲಿ ಕಾಣುತ್ತಿದ್ದವು. ಅವನ ಕಣ್ಣು ಕಾಣುತ್ತಿರಲಿಲ್ಲ.

ಮನೆಯ ಪದ್ಧತಿಯಂತೆ ಅಮರಗುಂಡಪ್ಪ ಬಂದವನ ಹಣೆಗೆ ವಿಭೂತಿ ಹಚ್ಚಲು ಹೋದ. ಹಣೆಯೇ ಸಿಗಲಿಲ್ಲ. ಮೂರು ಬೆರಳು ಗಾಳಿಯಲ್ಲಿ ಸ್ವಲ್ಪ ಹೊತ್ತು ಅಲೆದು, ಕೊನೆಗೆ ಒಂದು ಕಿವಿಯ ಮೇಲೆ ಇಳಿದವು.

ಆಗಲೇ ವೀರಭದ್ರಮ್ಮ ಗುಡಿಯಿಂದ ಬಂದಳು. ಅಮರಗುಂಡಪ್ಪನ ಅಕ್ಕ. ತಾಯಿಯಿಲ್ಲದ ಭುವನೇಶ್ವರಿಯನ್ನು ಸಾಕಿದವಳು; ಅವಳು ಹೂಂ ಅನ್ನದೆ ಆ ಮನೆಯಲ್ಲಿ ಹಾಲೂ ಉಕ್ಕದು. ಹಿಂದಿನ ಸೋಮವಾರ ಗುಡ್ಡದ ಗುಡಿಯ ಮುಂದೆ ಅವಳ ಚಪ್ಪಲಿ ಕಳುವಾಗಿದ್ದವು. ಬರಿಗಾಲಲ್ಲೇ ಮೆಟ್ಟಿಲು ಇಳಿದಳಂತೆ. ಅಂದಿನಿಂದ ಮೂರು ವರ್ಷದ ಮೊಣಕಾಲು ನೋವು ಮಾಯ. ಸಿಂಧನೂರಿನಿಂದ ಹೊಸ ಚಪ್ಪಲಿ ತರುತ್ತೇನೆಂದು ತಮ್ಮ ಹೇಳಿದರೆ, “ಬ್ಯಾಡಪ. ಮಲ್ಲಯ್ಯ ಕಾಲು ಕೊಟ್ಟಾನ, ಸಾಕು,” ಅಂದಿದ್ದಳು. ಸೀರೆಯನ್ನು ನೆಲ ಗುಡಿಸುವಂತೆ ಇಳಿಸಿ ಉಟ್ಟು ದಿನಕ್ಕೆರಡು ಸಲ ಗುಡಿಗೆ ಹೋಗಿಬರುತ್ತಿದ್ದಳು. ಹೋದದ್ದೂ ಬಂದದ್ದೂ ಸಪ್ಪಳವಾಗುತ್ತಿರಲಿಲ್ಲ.

ಕನ್ನಡಕ ಕಂಡವಳೇ ಗೇಟಿನಲ್ಲಿ ನಿಂತುಬಿಟ್ಟಳು. ಮಿಂಚನ್ನೊಮ್ಮೆ ದಿಟ್ಟಿಸಿ, ಅಲ್ಲೇ ಕಲ್ಲಿನ ಮೇಲೆ ಕಾಲು ಸೀರೆಯೊಳಗೆ ಎಳೆದುಕೊಂಡು ಕೂತಳು.

“ಒಳಗ ಬಾ ಯಕ್ಕ,” ಅಂದ ಅಮರಗುಂಡಪ್ಪ.

“ಇಲ್ಲೇ ಗಾಳಿ ಛಲೋ ಐತಿ.”

ಗಾಳಿಯಲ್ಲಿ ಬರೀ ಧೂಳಿತ್ತು. ತಮ್ಮನನ್ನು ಹತ್ತಿರ ಕರೆದು ಪಿಸುಗುಟ್ಟಿದಳು: “ಈ ಸಂಬಂಧ ಬ್ಯಾಡ. ಕಣ್ಣಾಗ ಏನೋ ಐಬ ಐತಿ. ಇಲ್ಲಂದ್ರ ಮಾರಿ ಯಾಕ ಮುಚ್ಚತಾನ?”

ಬಾಗಿಲ ಹಿಂದಿದ್ದ ಭುವನೇಶ್ವರಿಗೆ ಅದು ಕೇಳಿತು. ಒಂದು ತಿಂಗಳು ಫೋನಿನಲ್ಲಿ ಮಾತಾಡಿ ಮನಸ್ಸಿನಲ್ಲೇ ಒಪ್ಪಿಕೊಂಡಿದ್ದ ಹುಡುಗ. “ಅತ್ತಿ, ಕಣ್ಣು ಫೋಟೋದಾಗ ನೋಡೀಯಲ್ಲ,” ಅಂದಳು.

“ಫೋಟೋದಾಗ ನಾನೂ ಛಲೋ ಕಾಣ್ತೀನಿ ಸುಮ್ಕಿರು.”

ಗಂಗಾಧರ ನಕ್ಕ. “ಐಬಿಲ್ರಿ ಅಮ್ಮಾರ. ಧೂಳಿಗೆ ಹಾಕಿದ್ದು. ದಿನಾ ಹಾಕ್ಕೊಳ್ಳೋ ಚಾಳೀಸು ನಿನ್ನೆ ಮುರೀತು, ಇದರಾಗೂ ನಂಬರಿನ ಗಾಜು ಕೂಡ್ಸೀನಿ. ತೆಗದ್ರ ಏನೂ ಕಾಣಂಗಿಲ್ಲ.”

“ಏನೂ ಕಾಣಂಗಿಲ್ಲಾ?” ವೀರಭದ್ರಮ್ಮನ ಮುಖ ಅರಳಿತು. “ಹಂಗಾರ ತೆಗಿ. ಹಿರ್ಯಾರ ಮುಂದ ಕಣ್ಣು ತೋರ್ಸಬೇಕು. ಇಲ್ಲಿ ಕೊಡು, ನಾ ಹಿಡ್ಕೊಂಡಿರ್ತೀನಿ.”

ತೆಗೆದು ಕೊಟ್ಟ. ಕಣ್ಣೆರಡೂ ನೆಟ್ಟಗಿದ್ದವು, ಚೆಂದವೂ ಇದ್ದವು. ಭುವನೇಶ್ವರಿ ಉಸಿರು ಬಿಟ್ಟಳು. ಗಂಗಾಧರ ತಿರುಗಿ, ಕಂಬಕ್ಕೆ ಒರಗಿಸಿದ್ದ ಭತ್ತದ ಚೀಲಕ್ಕೆ ಕೈ ಮುಗಿದ. ಚೀಲದ ಮೇಲೆ ಅಮರಗುಂಡಪ್ಪನ ರುಮಾಲಿತ್ತು.

“ಶರಣ್ರಿ ಅಜ್ಜಾರ. ಆರಾಮಿದ್ದೀರಿ?”

ಚೀಲ ಸುಮ್ಮನಿತ್ತು. ಅಜ್ಜನಿಗೆ ಕಿವಿ ಮಂದ ಅಂದುಕೊಂಡು ಇನ್ನೊಮ್ಮೆ ಜೋರಾಗಿ ಕೇಳಿದ. ಎಮ್ಮೆ ಉತ್ತರ ಕೊಟ್ಟಿತು. ಬಾಗಿಲ ಹಿಂದೆ ಸೆರಗಿನೊಳಗೆ ನಗು ಸಿಡಿಯಿತು.

ಗಲಿಬಿಲಿಯಾದ ಗಂಗಾಧರ ಸೈಕಲ್ಲಿಗೆ ತೂಗುಹಾಕಿದ್ದ ಚೀಲವನ್ನು ತಡಕಾಡಿದ. ಅದರಲ್ಲಿ ಎರಡು ಪೊಟ್ಟಣಗಳಿದ್ದವು. “ಬಾಳಿಹಣ್ಣು ತಂದೀನ್ರಿ,” ಎಂದು ಒಂದನ್ನು ಎರಡೂ ಕೈಯಿಂದ, ತಲೆಬಾಗಿ, ಮಾವನಾಗಲಿದ್ದವನಿಗೆ ಒಪ್ಪಿಸಿದ.

ಅಮರಗುಂಡಪ್ಪ ಬಿಚ್ಚಿದ. ಒಳಗೆ ಒಂದು ಜೋಡಿ ಹಳೆಯ ಹೆಂಗಸರ ಚಪ್ಪಲಿ. ಎಡಗಾಲಿನ ಪಟ್ಟಿಗೆ ಕೆಂಪು ದಾರದ ಹೊಲಿಗೆ. ಆ ಹೊಲಿಗೆ ಹಾಕಿದವನು ಅಮರಗುಂಡಪ್ಪನೇ.

“ಇವು ನಮ್ಮಕ್ಕನ ಚಪ್ಪಲಿ,” ಅಂದ. “ಅಂದ್ರ ಆ ಕಳ್ಳ ನೀನೇನು?”

ಗಂಗಾಧರನ ಮುಖ ಇಳಿಯಿತು. “ಹಾಕ್ಕೊಂಡು ಇಳದದ್ದು ಖರೇ ರೀ. ಕಲ್ಲು ಸುಡಾಕತ್ತಿದ್ದವು. ಇವತ್ತ ಗುಡಿ ಮುಂದ ಇಟ್ಟು ಬರೋಣಂತ ತಂದಿದ್ದೆ.”

“ಬರಿಗಾಲಲೆ ಗುಡ್ಡ ಹತ್ತಿದ್ದೇನು? ನಿನ್ನವು ಎಲ್ಲಿದ್ವು?”

“ಅದು ಬಿಡ್ರಿ. ದೇವರ ಜಾಗದ ಮಾತು, ಯಾರ ಮ್ಯಾಲೂ ಹೇಳಬಾರದು.”

ಅಮರಗುಂಡಪ್ಪ ಗೇಟಿನ ಕಡೆ ಕೈ ತೋರಿಸಿದ. “ನಡಿಯಪ್ಪ. ನಿಮ್ಮ ಮಂದಿಗೆ ಫೋನ್ ಮಾಡಿ ಬಸ್ ಇಳಿಬ್ಯಾಡ್ರಿ ಅನ್ನು.”

ಬಾಗಿಲ ಹಿಂದಿನ ನಗು ನಿಂತಿತು. ಸೆರಗು ಬಾಯಿಂದ ಕಣ್ಣಿಗೆ ಹೋಯಿತು.

ವೀರಭದ್ರಮ್ಮ ಆ ಸೆರಗನ್ನು ನೋಡಿದಳು. ಧೂಳಿನಾಚೆ ಗುಡ್ಡದ ತುದಿಯ ಗುಡಿಯನ್ನು ನೋಡಿದಳು. “ಆತಪ, ಮಲ್ಲಯ್ಯ,” ಅಂದಳು, ಬಹಳ ಹೊತ್ತಿನಿಂದ ನಡೆದಿದ್ದ ಮಾತೊಂದನ್ನು ಮುಗಿಸುವವಳಂತೆ. ಎದ್ದು ಬಂದು ಕನ್ನಡಕವನ್ನು ಹುಡುಗನ ಕೈಗಿಟ್ಟಳು. ಅವನು ಹಾಕಿಕೊಳ್ಳುವವರೆಗೆ ಕಾದಳು.

ಆಮೇಲೆ ಬಗ್ಗಿ, ಸೀರೆಯ ಅಂಚು ಎತ್ತಿ, ದಾರದ ಗಂಟು ಬಿಚ್ಚಿ, ಕಾಲು ಬಿಡಿಸಿಕೊಂಡು, ಸಡಿಲಾಗದಂತೆ ತುದಿಗೆ ತುರುಕಿದ್ದ ಅರಿವೆ ಹೊರಗೆಳೆದು, ಕಿತ್ತಳೆ ಬಣ್ಣದ ಎರಡು ಓಟದ ಬೂಟುಗಳನ್ನು ಸದ್ದಿಲ್ಲದೆ ಅವನ ಮುಂದೆ ಇಟ್ಟಳು. ಅವುಗಳ ಪಕ್ಕದಲ್ಲೂ ಅದೇ ಗಿಳಿಹಸಿರಿನ ಮಿಂಚಿತ್ತು.