ಅಪ್ಪ ಕಣ್ಣು ತೆರೆಯದ ಮಧ್ಯಾಹ್ನ

ಮೊನ್ನೆ ಹೊಸ ಬಿಸಿನೀರಿನ ಚೀಲದ ರಬ್ಬರ್ ವಾಸನೆ ಮೂಗಿಗೆ ಬಡಿದದ್ದೇ ತಡ, ಕೆ.ಆರ್. ಪೇಟೆಯ ಆಸ್ಪತ್ರೆಯ ಆ ಮಧ್ಯಾಹ್ನ ಕಣ್ಮುಂದೆ ಬಂತು.

ಅಂದು ಬೆಳಗಿನಿಂದ ಅಪ್ಪನಿಗೆ ಹೊಟ್ಟೆನೋವು. ಹಿಂದಿನ ದಿನದ ಬಾಡೂಟ ಜೀರ್ಣವಾಗಿಲ್ಲವೆಂದು ಅಮ್ಮ ಓಮದ ಕಷಾಯ ಕುಡಿಸಿದ್ದಳು. ಮಧ್ಯಾಹ್ನದ ಹೊತ್ತಿಗೆ ಅಪ್ಪನ ರೆಪ್ಪೆಗಳು ಜೋತುಬಿದ್ದು ಮಾತು ತೊದಲಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬೆರಳೂ ಅಲ್ಲಾಡುತ್ತಿರಲಿಲ್ಲ. ನರ್ಸೊಬ್ಬರು ಅಪ್ಪನ ಮುಖಕ್ಕೆ ರಬ್ಬರ್ ಚೀಲ ಹಿಡಿದು, ಒತ್ತಿ ಒತ್ತಿ ಉಸಿರು ತುಂಬುತ್ತಿದ್ದರು.

"ಮುಗೀತು ಕಣವ್ವ," ಅಂದರು ದೊಡ್ಡಪ್ಪ. "ಉಸ್ರು ಆಡೋವಾಗ್ಲೇ ಊರ್ಗೆ ತಗಂಡೋಗ್ಬುಡನ."

ಅಮ್ಮ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು.

ಡಾಕ್ಟರಮ್ಮ ಅಪ್ಪನ ರೆಪ್ಪೆ ಎತ್ತಿ ನೋಡಿದರು. "ರಾತ್ರಿ ಎಲ್ಲಿ ಮಲಗಿದ್ರು?"

"ಸೆಕೆ ಅಂತವ ಬರೀ ನೆಲ್ದಲ್ಲೇ ಮನೀಕಂಡಿದ್ರು," ಅಂದಳು ಅಮ್ಮ.

"ಕಟ್ಟುಹಾವು ಕಚ್ಚಿದೆ. ಅದು ಕಚ್ಚಿದ ಗಾಯ ಕಾಣಲ್ಲ, ನೋವೂ ಗೊತ್ತಾಗಲ್ಲ. ಇಂಜೆಕ್ಷನ್ ಕೊಡ್ತೀನಿ. ಮೈ ಅಲ್ಲಾಡಿಸೋಕೆ ಆಗ್ತಿಲ್ಲ ಅಷ್ಟೆ, ಎಚ್ಚರ ಇದೆ. ನೀವು ಆಡೋ ಮಾತೆಲ್ಲ ಇವರಿಗೆ ಕೇಳಿಸ್ತಿದೆ."

ದೊಡ್ಡಪ್ಪ ಗೋಡೆಯ ಕಡೆ ತಿರುಗಿಕೊಂಡರು. ನಾನು ಅಪ್ಪನ ಕಿವಿಯ ಹತ್ತಿರ ಬಾಗಿದೆ. ಏನು ಹೇಳಬೇಕೆಂದು ತಿಳಿಯದೆ ಎರಡರ ಮಗ್ಗಿ ಹೇಳತೊಡಗಿದೆ. ಚೀಲ ಉಬ್ಬುತ್ತಿತ್ತು, ಕುಗ್ಗುತ್ತಿತ್ತು. ಹತ್ತರ ಮಗ್ಗಿ ಮುಗಿದರೂ ರೆಪ್ಪೆ ಅದುರಲಿಲ್ಲ. ಮತ್ತೆ ಎರಡರಿಂದ ಶುರುಮಾಡಿದೆ.

ವಾರ ಕಳೆದ ಮೇಲೆ ಅಪ್ಪನಿಗೆ ದನಿ ಬಂತು. ಅವತ್ತು ದೊಡ್ಡಪ್ಪ ಎರಡು ಎಳನೀರು ಹಿಡಿದು ವಾರ್ಡಿನ ಬಾಗಿಲಲ್ಲಿ ನಿಂತಿದ್ದರು. ಅಪ್ಪ ಅವರ ಕಡೆ ತಲೆ ತಿರುಗಿಸಿದ.

"ಊರ್ಗೆ ತಗಂಡೋಗಕ್ ಬಂದ್ಯಾ, ಅಣ್ಣಯ್ಯ?"