ಮೂರನೇ ಸಾಲು

ಡ್ರೈವರನ ಹಳೇ ನೋಟ್‌ಬುಕ್ಕಿನ ಹದಿನೇಳನೇ ಪುಟವನ್ನು ಮ್ಯಾನೇಜರ್ ಫೋಟೋ ತೆಗೆಯುತ್ತಿದ್ದಾಗ ಡ್ರೈವರನ ಕಣ್ಣು ಗೋಡೆಯ ಬೋರ್ಡಿನ ಮೇಲೆ ಬಿತ್ತು. ಮೇಲೆ ‘ಕಂಪನಿಯ ಶಕ್ತಿ’, ಮೂರು ಸಾಲು: ಇನ್ನೂರು ದೇಶಗಳಲ್ಲಿ ಪಾರ್ಸೆಲ್ ಜಾಲ, ಸ್ವಂತ ವಿಮಾನಗಳು, ಪ್ರತಿ ಮನೆಬಾಗಿಲಿನ ಮಾಹಿತಿ. ಕೆಳಗೆ ‘ದೌರ್ಬಲ್ಯ’: ನಲವತ್ತೈದು ದಾಟಿದ ಡ್ರೈವರುಗಳು. ಅವನಿಗೆ ನಲವತ್ತೊಂಬತ್ತು.

“ಸಾರ್, ಬಾಗಿಲಿನ ಮಾಹಿತಿ ಅಂದ್ರೆ ಈ ಪುಸ್ತಕಾನೇ ಅಲ್ವಾ?”

“ಹೌದಪ್ಪ, ಚಿನ್ನದಂಥ ಪುಸ್ತಕ! ಯಾವ ಬೆಲ್ ಕೆಟ್ಟಿದೆ, ಯಾವ ಅಜ್ಜಿಗೆ ಕಿವಿ ಕೇಳಲ್ಲ, ಎಲ್ಲಾ ಇದೆ. ಸೋಮವಾರದಿಂದ ಹೊಸಬರ ಫೋನಿಗೆ ಹಾಕ್ತೀವಿ.”

“ಸೋಮವಾರದಿಂದ ನಾನೆಲ್ಲಿ?”

ಮ್ಯಾನೇಜರ್ ಪುಟ ತಿರುವಿದ. “ಅದು ಹೆಡ್ಡಾಫೀಸಿನ ತೀರ್ಮಾನ. ನಾನೇನು ಮಾಡ್ಲಿ ಹೇಳು?”

ಹತ್ತೊಂಬತ್ತು ವರ್ಷ ಯಾರ್‍ಯಾರದೋ ಮೆಟ್ಟಿಲ ಮೇಲೆ ಕೂತು, ತೊಡೆಯ ಮೇಲಿಟ್ಟುಕೊಂಡು ಬರೆದ ಪುಸ್ತಕ ಅದು. ಡ್ರೈವರ್ ಫೋನಿನ ಕೆಳಗಿನಿಂದ ಅದನ್ನು ಕಿತ್ತುಕೊಂಡು ಅಂಗಿಯ ಜೇಬಿಗೆ ತುರುಕಿದ.

“ಏಯ್, ಇನ್ನೂ ಅರವತ್ತು ಪುಟ ಇದೆ!”

“ಇರಲಿ. ಯಾವ ಮನೆ ನಾಯಿ ಕಚ್ಚುತ್ತೆ ಅಂತ ಹೆಡ್ಡಾಫೀಸಿನೋರೇ ಬಂದು ನೋಡ್ಕೊಳ್ಳಲಿ,” ಎಂದವನು ಡಸ್ಟರ್ ಎತ್ತಿಕೊಂಡು, ಕಂಪನಿಯ ಶಕ್ತಿಯ ಮೂರನೇ ಸಾಲನ್ನು ಒರೆಸಿಬಿಟ್ಟ.