ತಿರುವಿ ಹಿಡಿದ ಗಿಟಾರ್

"ಸಾಬ್ರ, ಕೆಲಸ ಕೆಡಸೀರಿ," ಎಂದು ಸೂಗಪ್ಪ ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡೇ ಹೇಳಿದ. "ದಪ್ಪ ತಂತಿ ಮ್ಯಾಲ ಬರಬೇಕು, ಇದರಾಗ ಕೆಳಗ ಬಂದದ. ತಂತಿ ಬಿಗಿಯೋ ಬಿರಡಿ ಎಲ್ಲಾ ನೆಲಾ ನೋಡಾಕತ್ಯಾವ. ಸತ್ತವ ಎದ್ದು ಬಂದು ಕೇಳಂಗಿಲ್ಲಂತ ಹೆಂಗ್ಯಾರ ಮಾಡಿ ತಂದೀರೇನು?"

ರಾಯಚೂರಿನಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ಅಬ್ದುಲ್ ವಹೀದ್, ತಾನೇ ಮಾಡಿದ ಆ ಗಿಟಾರನ್ನು ಹಳೆಯ ರಗ್ಗಿನಲ್ಲಿ ಸುತ್ತಿಕೊಂಡು ಬೆಳಗಿನ ಬಸ್ಸಿಗೆ ಮಾನ್ವಿಗೆ ಬಂದಿದ್ದ. ಸೂಗಪ್ಪನ ಮಗ ಸಂಜೀವನದು ಅಂದು ಹನ್ನೊಂದನೆಯ ದಿನದ ಕಾರ್ಯ. ದೇವದುರ್ಗದಲ್ಲಿ ಒಂದು ಮದುವೆಯ ಆರ್ಕೆಸ್ಟ್ರಾ ಮುಗಿಸಿ ಬೈಕಿನ ಮೇಲೆ ಹೊರಟವನು ಮನೆ ಮುಟ್ಟಿರಲಿಲ್ಲ. ಸತ್ತವನಿಗೆ ಇಷ್ಟವಾದದ್ದನ್ನೆಲ್ಲ ಈ ದಿನ ಫೋಟೋದ ಮುಂದೆ ಇಡಬೇಕು. ಹೋಳಿಗೆ, ಪುಂಡಿಪಲ್ಯ, ಒಂದು ನೀಲಿ ಅಂಗಿ ಇಟ್ಟಾಗಿತ್ತು. ಅವನು ಮಾಡಲು ಹೇಳಿ, ನಾಲ್ಕು ತಿಂಗಳು ಕಾದಿದ್ದ ಏಳು ತಂತಿಯ ಎಲೆಕ್ಟ್ರಿಕ್ ಗಿಟಾರ್ ಒಂದೇ ಬರುವುದಿತ್ತು.

ಬರೀ ಇಟ್ಟರೆ ಸೂಗಪ್ಪನಿಗೆ ಸಾಲದು. ಅದು ಒಮ್ಮೆಯಾದರೂ ನುಡಿಯಬೇಕು. ಹನುಮಪ್ಪನ ಗುಡಿಯಲ್ಲಿ ತಾನು ಹಾಡುವ ಶನಿವಾರದ ಭಜನೆಯಲ್ಲಿ, ಹತ್ತು ಜನರ ಮುಂದೆ, "ನಿನ್ನ ಕೈಯಾಗ ವಿದ್ಯಾ ಇಲ್ಲಲೇ, ಇಡು ಅದನ್ನ" ಎಂದು ಹಳೆಯ ಗಿಟಾರ್ ಹಿಡಿದಿದ್ದ ಮಗನಿಗೆ ಹೇಳಿದ್ದವನು ಆತನೇ. ಸಂಜೀವ ಮನೆಯಲ್ಲಿ ಅದನ್ನು ಬಾರಿಸುವಾಗಲೂ ಬೆರಳು ತಡವರಿಸುತ್ತಿದ್ದವು. ಆಡಿದ ಮಾತು ಹನ್ನೊಂದು ದಿನದಿಂದ ಎದೆಯಲ್ಲಿ ಕುಳಿತಿತ್ತು. ಗಿಟಾರ್ ಫೋಟೋದ ಮುಂದೆ ನುಡಿದರೆ ಅದು ಇಳಿದೀತೆಂದು ಆತ ದೇವರಲ್ಲಿ ಬೇಡಿಕೊಂಡಿದ್ದ.

"ಕೆಟ್ಟಿಲ್ಲರಿ ಅಣ್ಣಾರ," ಎಂದ ವಹೀದ್. "ತಿರುವಿ ಹಿಡೀರಿ."

ಸೂಗಪ್ಪ ತಿರುವಿ ಹಿಡಿದ. ದಪ್ಪ ತಂತಿ ಮೇಲೆ ಬಂತು. ಬಿರಡೆಗಳು ಮೇಲೆ ನೋಡಿದವು. ತಂತಿ ಮೀಟುವ ಜಾಗಕ್ಕೆ ಆತನ ಎಡಗೈ ಬಂದಿತ್ತು.

"ಇದು ಎಡಗೈಯವರದು. ಅಂಗಡ್ಯಾಗ ಇಂಥಾವು ಸಿಗಂಗಿಲ್ಲ, ಅದಕ್ಕ ಮಾಡಿಸಿದ. ಸಂಜೀವ ಎಡಚ ಅಲ್ಲೇನ್ರಿ?"

"ಸಣ್ಣಾಂವ ಇದ್ದಾಗ ಇದ್ದ. ನಾ ಬಿಡಿಸೀನಿ."

ಬಿಡಿಸಿದ್ದು ನಿಜ. ಏಳು ವರ್ಷದ ಹುಡುಗ ಎಡಗೈಯಿಂದ ದೇವರಿಗೆ ಹೂ ಏರಿಸಿದ್ದ. ಸೂಗಪ್ಪ ಆ ಕೈಯನ್ನು ಟವೆಲಿನಿಂದ ಬೆನ್ನಿಗೆ ಕಟ್ಟಿದ್ದ. ಆಮೇಲೆ ಮೂರು ತಿಂಗಳು, ಊಟಕ್ಕೆ ಕೂತಾಗಲೆಲ್ಲ ಕಟ್ಟಿದ್ದ.

"ಉಣ್ಣಾಕ ಎಡಗೈ ಬಿಟ್ಟಿದ್ದರಿ, ಬಾರಸಾಕ ಬಿಟ್ಟಿದ್ದಿಲ್ಲ," ಎಂದು ವಹೀದ್ ಸಣ್ಣಗೆ ನಕ್ಕ. "ಏನಲೇ, ನಿಂದು ಉಣ್ಣೋ ಕೈ ಒಂದು, ಬಾರಸೋ ಕೈ ಇನ್ನೊಂದು ಅಂತ ನಾನೂ ಕಾಡಸ್ತಿದ್ದೆ. ಉಣ್ಣೋ ಕೈ ನಮ್ಮಪ್ಪಂದು ಚಾಚಾ, ಬಾರಸೋದು ನಂದು ಅಂತಿದ್ದ."

ಸೂಗಪ್ಪ ಬೆರಳಿನಿಂದ ತಂತಿಗಳನ್ನು ಒಂದೊಂದಾಗಿ ಮುಟ್ಟಿದ. "ಎಲ್ಲಾರವಕ್ಕೂ ಆರೇ ಇರ್ತಾವ. ಈ ಏಳನೇದು ಯಾಕ?"

"ಅದು ನಿಮ್ಮ ಸಲುವಾಗಿ. 'ನಮ್ಮಪ್ಪನ ದನಿ ಭಾಳ ಕೆಳಗ ಇಳಿತದ, ಅದರ ಬುಡಕ್ಕ ನಿಂತು ಅದನ್ನ ಹೊರೋ ಅಂಥಾ ತಂತಿ ಬೇಕು' ಅಂದ. ಶ್ರಾವಣದ ಭಜನಿಗೆ ತಗೊಂಡು ಹೋಗ್ತೀನಿ ಅಂತಿದ್ದ."

"ನೀವರ ಒಂದು ಸಲ ಬಾರಸ್ರಿ ಸಾಬ್ರ. ಅವ ಕೇಳ್ಲಿ."

"ನಾ ಬಲಗೈಯವ. ಎಡಗೈಲೆ ಅವ ಬಾರಸಿದಂಗ ನನಗ ಆಗಂಗಿಲ್ಲರಿ, ಭಾಳ ಚಂದ ಬಾರಸ್ತಿದ್ದ. ಸ್ಪೀಕರ್ ಡಬ್ಬಿಗೆ ಹಚ್ಚಲಾರದ ಇದು ಮಾತಾಡೋದೂ ಇಲ್ಲ."

ಸೂಗಪ್ಪ ಗಿಟಾರನ್ನು ನೀಲಿ ಅಂಗಿಯ ಪಕ್ಕಕ್ಕೆ ಒರಗಿಸಿದ. ವಿಭೂತಿ ಹಚ್ಚಲು ಹೋದ ಕೈ ಅರ್ಧಕ್ಕೆ ನಿಂತಿತು. "ಅಷ್ಟು ಬರ್ತಿತ್ತಂದ್ರ ಮನಿಯಾಗ ಯಾಕ ತಡವರಿಸ್ತಿದ್ದ?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಗೋಪಮ್ಮ ಆಗ ಬಾಯಿ ಬಿಟ್ಟಳು. "ನೀವಿದ್ದಾಗ ತಡವರಿಸ್ತಿದ್ದ. ನೀವು ಗುಡಿಗೆ ಹೋದ ಮ್ಯಾಲ ಹಳೇ ಗಿಟಾರ್ ಎಡಗೈಲೆ ಬಾರಸ್ತಿದ್ದ. ಎಸರು ಉಕ್ಕಿ ಒಲಿ ಆರಿದ್ರೂ ನಾ ಏಳ್ತಿದ್ದಿಲ್ಲ, ಹಂಗ ಕುಂತು ಕೇಳೀನಿ. ಅಂಗಳದಾಗ ನಿಮ್ಮ ಕೆಮ್ಮು ಕೇಳಿದ ಕೂಡ್ಲೆ ಬಲಗೈಗೆ ತಿರುವಿ ಹಿಡೀತಿದ್ದ."

"ನನಗ ಒಂದ್ಸಲನೂ ಹೇಳ್ಳಿಲ್ಲ ನೀನು."

"ಹೇಳಿದ್ರ ಮತ್ತ ಟವೆಲ್ ಹುಡುಕ್ತಿದ್ರಿ."

ಊಟವಾದ ಮೇಲೆ ಸೂಗಪ್ಪ ವಹೀದನನ್ನು ಬಸ್ ಸ್ಟ್ಯಾಂಡಿನವರೆಗೆ ಕಳಿಸಿ ಬಂದ. ಮನೆಗೆ ಬರುವಾಗ ಹೆಂಗಸರಿಗೆ ತಿಳಿಯಲೆಂದು ಕೆಮ್ಮಿ ಒಳಗೆ ಹೋಗುವುದು ಆತನ ರೂಢಿ; ಸೊಸೆಯಿಲ್ಲದ ಮನೆಯಲ್ಲೂ ಅದು ತಪ್ಪಿದ್ದಿಲ್ಲ. ಅಂಗಳಕ್ಕೆ ಕಾಲಿಟ್ಟಾಗ ಕೆಮ್ಮು ಗಂಟಲಿಗೆ ಬಂತು. ಆತ ಅದನ್ನು ನುಂಗಿದ. ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು, ಸಪ್ಪಳವಾಗದಂತೆ ಹೊಸ್ತಿಲು ದಾಟಿದ.

ಒಳಗೆ ಗಿಟಾರ್ ನೀಲಿ ಅಂಗಿಯ ಪಕ್ಕ ಒರಗಿಸಿದಂತೆಯೇ ಇತ್ತು; ಯಾರೂ ಏನನ್ನೂ ತಿರುವಿ ಹಿಡಿಯಲಿಲ್ಲ.